ಮುನಿದವರ ಆಘಾಡಿ

ಜನವರಿ ೩

ನನಗೆ ಟಿಕೆಟ್ ಸಿಗಲಿಲ್ಲವಂತೆ. ನಾನು ಟಿಕೆಟ್ ಕೇಳಿದ್ದೆ ಎಂಬುದು ಗೊತ್ತಾದದ್ದೂ ಇವತ್ತೇ.

ಇವರು ಮಧ್ಯಾಹ್ನವೇ ಅಂಗಡಿ ಮುಚ್ಚಿ ಬಂದು, ಚಪ್ಪಲಿ ಕೂಡ ಬಿಡದೆ ಪಡಸಾಲೆಯಲ್ಲಿ ಕೂತರು. ನಮ್ಮ ಬೀಜ-ಗೊಬ್ಬರದ ಅಂಗಡಿ ಮಧ್ಯಾಹ್ನ ಮುಚ್ಚಿದ್ದು ನಾನು ಮದುವೆಯಾಗಿ ಬಂದ ಮೇಲೆ ಒಮ್ಮೆ ಮಾತ್ರ, ಮಾವನವರು ತೀರಿಕೊಂಡ ದಿನ.

"ಅವರ ಸೊಸಿಗೆ ಕೊಟ್ಟಾರ," ಎಂದರು.

"ಯಾರ ಸೊಸಿಗಿ? ಏನ್ ಕೊಟ್ಟಾರ್ರಿ?"

"ಟಿಕೆಟ್. ನಿನ್ನ ಟಿಕೆಟ್."

ಆಮೇಲೆ ಒಂದೊಂದಾಗಿ ಹೊರಬಿತ್ತು. ನಮ್ಮ ಅತ್ತಿಗುಂಡಿ ಹೋದ ವರ್ಷ ಗ್ರಾಮ ಪಂಚಾಯಿತಿಯಿಂದ ನಗರ ಪಂಚಾಯಿತಿಯಾಯಿತು. ಇದು ಮೊದಲ ಚುನಾವಣೆ. ಇವರು ನಿಲ್ಲಬೇಕೆಂದಿದ್ದರು, ಮೀಸಲಾತಿಯ ಚೀಟಿ ಎತ್ತಿದಾಗ ನಮ್ಮ ವಾರ್ಡು ಹೆಣ್ಣುಮಕ್ಕಳಿಗೆ ಹೋಯಿತು. ಆಗ ಇವರು ನನ್ನ ಹೆಸರನ್ನು, ಕುಂಭೋಜದ ಬಾಹುಬಲಿಗೆ ಹೋದಾಗ ತೆಗೆದ ಫೋಟೊವನ್ನು ಪಕ್ಷಕ್ಕೆ ಕೊಟ್ಟು ಬಂದಿದ್ದಾರೆ. ಆ ಫೋಟೊದಲ್ಲಿ ನನ್ನ ಕಣ್ಣುಗಳು ಅರ್ಧ ಮುಚ್ಚಿವೆ.

ಇಪ್ಪತ್ತೆರಡು ವರ್ಷ ಅದೇ ಪಕ್ಷದ ಪೋಸ್ಟರ್ ಹಚ್ಚಿದವರು. ರಾತ್ರಿ ಊಟಕ್ಕೆ ಎರಡೇ ಜೋಳದ ಭಕ್ಕರಿ ತಿಂದರು. ದಿನಾ ನಾಲ್ಕು ತಿನ್ನುತ್ತಾರೆ.

ಈ ಡೈರಿ ಗೊಬ್ಬರದ ಕಂಪನಿಯವರು ಅಂಗಡಿಗೆ ಕೊಟ್ಟದ್ದು. ನನ್ನ ಶಾಲೆಯೆಲ್ಲ ಸಂಕೇಶ್ವರದಲ್ಲಿ ಕನ್ನಡದಲ್ಲಾಯಿತು. ಗಡಿಯ ಈಚೆ, ಮಹಾರಾಷ್ಟ್ರದ ಈ ಊರಲ್ಲಿ ಬರೆಯುವುದೆಂದರೆ ಮರಾಠಿಯೇ. ಅಕ್ಷರ ಮರೆತೀತೆಂದು ವರ್ಷವರ್ಷವೂ ಜನವರಿಯಲ್ಲಿ ಶುರುಮಾಡುತ್ತೇನೆ, ಸಂಕ್ರಾಂತಿಗೆ ಬಿಡುತ್ತೇನೆ.

ಜನವರಿ ೫

ಇವತ್ತು ನಮ್ಮ ಪಡಸಾಲೆಯಲ್ಲಿ ಒಂದು ಪಕ್ಷ ಹುಟ್ಟಿತು. ಹತ್ತೂವರೆಗೆ ಶುರುವಾಗಿ ಒಂದು ಗಂಟೆಗೆ ಮುಗಿಯಿತು. ನಾಲ್ಕು ಸಲ ಚಹಾ ಆಯಿತು.

ಬಂದವರು ಇಬ್ಬರು, ಇಬ್ಬರಿಗೂ ಟಿಕೆಟ್ ತಪ್ಪಿದೆ. ಒಬ್ಬರು ಗುರಣ್ಣ, ಕಬ್ಬು ಸಾಗಿಸುವ ಒಂಬತ್ತು ಟ್ರ್ಯಾಕ್ಟರ್ ಅವರದು. ಇನ್ನೊಬ್ಬರು ವೆಲ್ಡಿಂಗ್ ಅಂಗಡಿಯ ಕಾಡಸಿದ್ದ, ಇವರ ಬಾಲ್ಯದ ಗೆಳೆಯ. ಇವರು ಸೇರಿ ಮೂವರು. ಇಂಥದ್ದಕ್ಕೆ ಇಲ್ಲಿ ಆಘಾಡಿ ಎನ್ನುತ್ತಾರೆ. ಊರಿಗಷ್ಟೇ ಇರುವ ಸಣ್ಣ ಪಕ್ಷ.

ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿದೆ. ಮೊದಲ ಒಂದು ತಾಸು ಯಾರು ಯಾರಿಗೆ ಯಾವಾಗ ಮೋಸ ಮಾಡಿದರೆಂಬ ಮಾತು. ಆಮೇಲಿನ ಒಂದೂವರೆ ತಾಸು ಹೆಸರಿನ ಮಾತು. ವಿಕಾಸ ಎಂಬುದು ಇರಲೇಬೇಕೆಂದು ಮೂವರೂ ಒಪ್ಪಿದರು. ಸ್ವಾಭಿಮಾನ ಇರಬೇಕೆಂದು ಗುರಣ್ಣ, ಜನತಾ ಇರಬೇಕೆಂದು ಕಾಡಸಿದ್ದ. ಕೊನೆಗೆ ಎಲ್ಲವನ್ನೂ ಸೇರಿಸಿ 'ಅತ್ತಿಗುಂಡಿ ಸ್ವಾಭಿಮಾನಿ ಜನತಾ ವಿಕಾಸ ಆಘಾಡಿ' ಎಂದಾಯಿತು.

ನಮ್ಮ ಅತ್ತೆ ಮಾಣಿಕಬಾಯಿ ಒಳಗೆ ಅವರೆಕಾಯಿ ಬಿಡಿಸುತ್ತಿದ್ದರು. ಮೆಲ್ಲಗೆ ಕೇಳಿದರು: "ಇಷ್ಟ ಉದ್ದ ಹೆಸರ ಯಾಕ? ಬ್ಯಾರೇ ಏನೂ ಇಲ್ಲ ಅಂತೇನು?"

ನನಗೆ ನಗು ತಡೆಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದೆ. ಸಭೆಯ ವಿವರ ಬರೆದಿಡಲು ಇವರು ನನ್ನನ್ನು ಕರೆದರು. ನನ್ನ ಅಕ್ಷರ ಚೆನ್ನಾಗಿದೆಯಂತೆ, ಅದಕ್ಕೆ. ಕೂತು ಬರೆಯಲು ಕುರ್ಚಿ ಇರಲಿಲ್ಲ, ಹೊಸ್ತಿಲ ಮೇಲೆ ಕೂತೆ.

ಜನವರಿ ೮

ಗಡಹಿಂಗ್ಲಜಕ್ಕೆ ವಕೀಲರ ಹತ್ತಿರ ಹೋಗಿದ್ದೆವು. ಆಘಾಡಿಯ ಅರ್ಜಿಗೆ ನನ್ನ ಸಹಿಯೂ ಬೇಕಾಗಿತ್ತು. ನಾನು ಈಗ ಅವರ ಕಾರ್ಯದರ್ಶಿ, ಕಾಗದದ ಮೇಲೆ.

ವಕೀಲ ಕೇದಾರಿ ಚಾಳೀಸು ಮೂಗಿನ ತುದಿಗಿಳಿಸಿ ಎಲ್ಲ ಓದಿದರು. ಹೆಸರು, ವಿಳಾಸ, ಪದಾಧಿಕಾರಿಗಳು, ಸಹಿ. ಮೂರನೇ ಪುಟದಲ್ಲಿ ಬೆರಳು ನಿಂತಿತು.

"ಉದ್ದೇಶ ಖಾಲಿ ಬಿಟ್ಟೀರಿ."

ಗುರಣ್ಣ ಕೆಮ್ಮಿದರು. "ಉದ್ದೇಶ ಅಂದ್ರ, ವಕೀಲ್ರ, ಅವ್ರಿಗೆ ಒಂದ್ ಪಾಠಾ ಕಲಿಸೂದು."

"ಅದು ಸಿಟ್ಟು. ಸಿಟ್ಟಿಗೆ ಇದರಾಗ ಕಾಲಂ ಇಲ್ರಿ."

"ವಿಕಾಸ ಅಂತ ಬರೀರಿ," ಎಂದ ಕಾಡಸಿದ್ದ.

"ಎಲ್ಲಾರೂ ಅದನ್ನ ಬರೀತಾರ. ಅದನ್ನ ಓದಿ ಯಾರಿಗೆ ಏನ್ ತಿಳೀತೈತಿ?" ಕೇದಾರಿಯವರು ಕಾಗದವನ್ನು ನಮ್ಮ ಕಡೆ ತಿರುಗಿಸಿದರು. "ನೀವು ಆರಿಸಿ ಬಂದ್ರ ಊರಾಗ ಯಾವುದು ಇವತ್ತಿನಂಗ ಇರೂದಿಲ್ಲ? ಅಷ್ಟ ಹೇಳ್ರಿ. ನಾ ಬರೀತೇನಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಒಂದು ವಾರ ಟೈಮು ಕೊಡಿ ಎಂದು ಇವರು ಕಾಗದ ಮಡಚಿದರು.

ನೇಸರಿಗೆ ಹೋಗುವ ಬಸ್ಸಿನಲ್ಲಿ ವಾಪಸು ಬರುವಾಗ ಗುರಣ್ಣ ವಕೀಲರನ್ನು ಬೈದರು. ನಾನು ಕಿಟಕಿಯ ಹತ್ತಿರ ಕೂತು ಆ ಪ್ರಶ್ನೆಯನ್ನೇ ತಿರುತಿರುಗಿ ಕೇಳಿಕೊಂಡೆ. ಯಾವುದು ಇವತ್ತಿನಂತೆ ಇರುವುದಿಲ್ಲ? ಊರು ಬರುವುದರೊಳಗೆ ನನ್ನ ಮನಸ್ಸಿನಲ್ಲಿ ಏಳು ಸಂಗತಿಗಳಿದ್ದವು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜನವರಿ ೧೧

ಉದ್ದೇಶ ಇನ್ನೂ ಸಿಕ್ಕಿಲ್ಲ. ಇವರು ಅಂಗಡಿಯಲ್ಲಿ ಗಿರಾಕಿಗಳನ್ನು ಕೇಳುತ್ತಿದ್ದಾರಂತೆ. ಒಬ್ಬರು ಯೂರಿಯಾ ಎಂದರಂತೆ.

ಜನವರಿ ೧೫

ಎಲ್ಲಿಂದ ಬರೆಯಲಿ! ನಕ್ಕು ನಕ್ಕು ಸಾಕಾಗಿದೆ.

ಪ್ರತಿ ವರ್ಷ ಸಂಕ್ರಾಂತಿಗೆ ನಾವು ಅರಿಶಿನ-ಕುಂಕುಮ ಮಾಡುತ್ತೇವೆ. ಗಲ್ಲಿಯ ಮುತ್ತೈದೆಯರು ಬರುತ್ತಾರೆ, ಎಳ್ಳು-ಬೆಲ್ಲ ಹಂಚಿ, ಒಂದೊಂದು ಡಬ್ಬಿಯೋ ಬಟ್ಟಲೋ ವಾಣವೆಂದು ಕೊಟ್ಟು ಕಳಿಸುತ್ತೇವೆ. ಈ ಸಲ ಚುನಾವಣೆಯ ನೀತಿ ಸಂಹಿತೆ ಇದೆ, ಏನೂ ಕೊಡುವಂತಿಲ್ಲವೆಂದು ಇವರು ಹೇಳಿದರು. ಹಾಗಾದರೆ ಬೇಡವೇ ಬೇಡ ಎಂದೆ ನಾನು. ಅತ್ತೆ ಸುಮ್ಮನಿದ್ದವರು ಒಮ್ಮೆಲೇ ಅಂದರು:

"ಕೊಡೂದ ಬ್ಯಾಡ, ಕೇಳೋಣು. ಬಂದಾಕಿ ಒಬ್ಬೊಬ್ಬಾಕಿ ಊರಾಗ ಏನ್ ಬದಲಾಗಬೇಕು ಅಂತ ಒಂದೊಂದ ಮಾತ ಹೇಳಿ ಹೋಗ್ಲಿ. ಮತ್ತ ಕುಂಕುಮಾನೂ ಬ್ಯಾಡ. ಬರೇ ಎಳ್ಳು-ಬೆಲ್ಲ. ಅಂದ್ರ ನಾನೂ ಕುಂದರಬಹುದು."

ಮಾವನವರು ಹೋಗಿ ಒಂಬತ್ತು ವರ್ಷ. ಒಂಬತ್ತು ಸಂಕ್ರಾಂತಿ ಅತ್ತೆ ಆ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಕೂತಿರುತ್ತಿದ್ದರು. ನಾನು ಅದನ್ನು ಯಾವತ್ತೂ ಯೋಚಿಸಿರಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ.

ಮೂರು ಗಲ್ಲಿಗೆ ಹೇಳಿಕಳಿಸಿದೆವು, ಎಲ್ಲರಿಗೂ. ನಲವತ್ತೊಂದು ಮಂದಿ ಬಂದರು. ಹೌಸಾಬಾಯಿಯೂ ಬಂದಳು. ಬುದ್ಧವಿಹಾರದ ಹತ್ತಿರ ಇರುವವಳು, ಮೂವತ್ತು ವರ್ಷ ಪಂಚಾಯಿತಿಯ ಕಸ ಹೊಡೆದು ನಿವೃತ್ತಳಾಗಿದ್ದಾಳೆ. ಅವಳು ಗುಡಿಸದ ಓಣಿ ಈ ಊರಲ್ಲಿಲ್ಲ, ಅವಳು ಕೂತ ಪಡಸಾಲೆ ಮಾತ್ರ ಬಹಳ ಕಡಿಮೆ. ಬಾಗಿಲಲ್ಲೇ ನಿಂತಳು. ಅತ್ತೆ ತಮ್ಮ ಪಕ್ಕದ ಚಾಪೆ ತಟ್ಟಿ, "ಬಾ ಹೌಸಾ, ಕುಂದರ," ಎಂದರು.

ಮೊದಲು ಎಲ್ಲರೂ ಎಳ್ಳು ಜಗಿದರು. ಹೌಸಾಬಾಯಿಯೇ ಶುರುಮಾಡಿದಳು. ನನಗೆ ಅವಳು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾಳೆ.

"ನನಗ ಮನಿ ಮಂಜೂರ ಆದ ಕಾಗದ ಬಂತ್ರಿ ವೈನಿ. ಓದಾಕ ಬರೂದಿಲ್ಲ. ಮೂರ ಮಂದಿ ಕಡೆ ಒಯ್ದೆ. ಮೂರ ಮಂದಿ ಮೂರ ನಮೂನಿ ಓದಿದ್ರು. ಒಬ್ಬಾಂವ ಮನಿ ಸಿಕ್ಕೈತಿ ಅಂದ, ಒಬ್ಬಾಂವ ಇಲ್ಲ ಅಂದ, ಇನ್ನೊಬ್ಬಾಂವ ನನಗ ಸಿಕ್ಕೈತಿ ಅಂದ!" ಎಲ್ಲರೂ ನಕ್ಕರು. ಅವಳೂ ನಕ್ಕು ಮುಂದುವರಿಸಿದಳು. "ಕಚೇರ್‍ಯಾಗ ಒಬ್ರು ಕುಂತಿರಬೇಕು. ಬಂದವರ ಕಾಗದ ಓದಿ ಹೇಳಬೇಕು. ಮರಾಠಿಯವ್ರಿಗೆ ಮರಾಠ್ಯಾಗ, ಕನ್ನಡದವ್ರಿಗೆ ಕನ್ನಡದಾಗ. ಬ್ಯಾರೇ ಏನೂ ಬ್ಯಾಡ ನನಗ."

ಆಮೇಲೆ ಕಟ್ಟೆ ಒಡೆದಂತಾಯಿತು. ಸಂತೆಯ ಹತ್ತಿರ ಹೆಣ್ಣುಮಕ್ಕಳ ಶೌಚಾಲಯವಿದೆ, ಅದಕ್ಕೆ ಬೀಗವಿದೆ, ಕೀಲಿ ಹೋಟೆಲಿನವನ ಕೈಯಲ್ಲಿ. "ಕೀಲಿ ಕೇಳಾಕ ಹೋದ್ರ ಮೊದಲ ಚಹಾ ಕುಡೀರಿ ಅಂತಾನ. ಚಹಾ ಕುಡದ್ರ ಮತ್ತ ಕೀಲಿ ಬೇಕಾಗ್ತೈತಿ!" ಎಂದಳು ತರಕಾರಿ ಮಾರುವವಳೊಬ್ಬಳು. ಹೊಟ್ಟೆ ಹಿಡಿದು ನಕ್ಕೆವು. ಶಾಲೆ ಬಿಡುವ ಹೊತ್ತಿಗೆ ಎರಡೆರಡು ಟ್ರಾಲಿ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಶಾಲೆಯ ಗಲ್ಲಿಯಲ್ಲೇ ಹಾಡು ಹಚ್ಚಿಕೊಂಡು ನುಗ್ಗುತ್ತವೆ, ಮಕ್ಕಳು ಗೋಡೆಗೆ ಅಂಟಿಕೊಳ್ಳಬೇಕು. ಪಂಚಾಯಿತಿಯ ಸಭೆಯಲ್ಲಿ ಏನು ನಡೆಯುತ್ತದೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ, ಹಿಂದೆ ನಾಲ್ಕು ಸಾಲು ಕುರ್ಚಿ ಹಾಕಲಿ, ಬೇಕಾದವರು ಕೂತು ಕೇಳಲಿ. ನಾನು ಬರೆದೇ ಬರೆದೆ.

"ಪೇಟ್ಯಾಗ ನಡ್ಯಾಕ ಜಾಗಾ ಇಲ್ಲ," ಎಂದು ಒಬ್ಬಳು ಅಂದಳು. "ಅಂಗಡಿಯವ್ರೆಲ್ಲ ಕಟ್ಟಿ ಮುಂದ ಚಾಚ್ಯಾರ." ಅಂದವಳು ತಟ್ಟನೆ ನಾಲಗೆ ಕಚ್ಚಿಕೊಂಡಳು. ಎಲ್ಲರೂ ನನ್ನನ್ನೇ ನೋಡಿದರು. ಪೇಟೆಯಲ್ಲಿ ಎಲ್ಲಕ್ಕಿಂತ ಮುಂದೆ ಚಾಚಿದ ಕಟ್ಟೆ ನಮ್ಮ ಅಂಗಡಿಯದು.

ಅತ್ತೆ ಎಳ್ಳು ನುಂಗಿ ಹೇಳಿದರು: "ಬರಕೋ ನೂತನ. ನಿಮ್ಮ ಮಾವನವ್ರು ಕಟ್ಟಿಸಿದ್ದು. ಆವಾಗೂ ನಾ ಬ್ಯಾಡ ಅಂದಿದ್ದೆ."

ಜನವರಿ ೧೭

ಐದು ಮಾತುಗಳಾದವು. ಮರಾಠಿಯಲ್ಲೊಂದು, ಕನ್ನಡದಲ್ಲೊಂದು ಪ್ರತಿ ಬರೆದೆ.

ಇವತ್ತಿನ ಸಭೆಯಲ್ಲಿ ಓದಿದೆ. ಮೊದಲನೆಯದಕ್ಕೆ ತಲೆ ಆಡಿಸಿದರು. ಕಟ್ಟೆಯ ಮಾತು ಬಂದಾಗ ಇವರು ಕಿಟಕಿಯ ಹೊರಗೆ ನೋಡಿದರು. ಮೂರನೆಯದು ಶಾಲೆಯ ಗಲ್ಲಿಯ ಟ್ರ್ಯಾಕ್ಟರ್. ಗುರಣ್ಣ ಎದ್ದೇ ನಿಂತರು.

"ಇದನ್ನ ಯಾರ್ ಬರದಾರ?"

"ನಾ ಬರದೇನ್ರಿ ಅಣ್ಣಾ," ಎಂದೆ. "ಹೇಳಿದವ್ರು ನಲವತ್ತೊಂದ ಮಂದಿ."

"ನಮ್ಮ ಪಾರ್ಟಿ ನಮ್ಮ ಹೊಟ್ಟಿ ಮ್ಯಾಲ ಕಾಲ ಇಡತೈತೇನು? ಇದನ್ನ ಹೊಡದ ಹಾಕ್ರಿ. ಇಲ್ಲಂದ್ರ ನಾ ಹೊಂಟೆ."

ನಾನು ಪೆನ್ನು ಹಿಡಿದು ಇವರ ಕಡೆ ನೋಡಿದೆ. ಇವರು ಕಾಡಸಿದ್ದನ ಕಡೆ ನೋಡಿದರು. ಕಾಡಸಿದ್ದನ ಮಗಳು ಆ ಶಾಲೆಯಲ್ಲೇ ಐದನೆಯದರಲ್ಲಿದ್ದಾಳೆ. "ಇರ್ಲಿ ಬಿಡ್ರಿ ಗುರಣ್ಣ, ಮಾತು ಖರೇ ಐತಿ," ಎಂದ ಅವನು.

ಗುರಣ್ಣ ಹೊರಟುಹೋದರು. ನಾಲ್ಕು ಗಂಟೆಗೆ ಸುದ್ದಿ ಬಂತು: ಹಳೆಯ ಪಕ್ಷ ಅವರಿಗೆ ಟಿಕೆಟ್ ಕೊಟ್ಟಿದೆ!

ನಮಗೆ ಉದ್ದೇಶ ಸಿಕ್ಕ ದಿನವೇ ಮೂರನೇ ಒಂದು ಪಾಲು ಪಕ್ಷ ಕಡಿಮೆಯಾಯಿತು. ಇವರು ತಲೆಯ ಮೇಲೆ ಕೈ ಇಟ್ಟು ಕೂತಿದ್ದರು. ನಾನು ಮಾತ್ರ ಸಂಜೆ ಹೌಸಾಬಾಯಿಯ ಮನೆಗೆ ಹೋಗಿ, ಆರನೇ ವಾರ್ಡಿಗೆ ನೀನು ನಿಲ್ಲುತ್ತೀಯಾ ಎಂದು ಕೇಳಿ ಬಂದೆ. ಅಷ್ಟು ದೂರ ನಡೆದದ್ದಕ್ಕೆ ಕಾಲು ನೋಯುತ್ತಿದೆ.

ಜನವರಿ ೨೧

ಇಚಲಕರಂಜಿಗೆ ಹೋಗಿ ಬಂದೆ, ಅಣ್ಣ ಸುಕುಮಾರನ ಮನೆಗೆ. ಅವನದು ಎಂಟು ಪವರ್‌ಲೂಮ್. ಆ ಗಲ್ಲಿಗೆ ಕಾಲಿಟ್ಟರೆ ಖಟ್ಟ ಖಟ್ಟ ಖಟ್ಟ, ನೆಲವೇ ಮಾತಾಡುತ್ತದೆ.

ಬಾವುಟಕ್ಕೆ ಬಟ್ಟೆ ಬೇಕಿತ್ತು. ಬಣ್ಣ ಯಾವುದೆಂದು ಅಣ್ಣ ಕೇಳಿದ. ಕೇಸರಿ ಅವರದು, ಹಸಿರು ಇವರದು, ನೀಲಿ ಒಬ್ಬರದು, ಹಳದಿ ಇನ್ನೊಬ್ಬರದು, ಕೆಂಪು ಮತ್ತೊಬ್ಬರದು. ನಮಗೆ ಉಳಿದಿದ್ದು ಯಾವುದು? ನಾವಿಬ್ಬರೂ ಲೂಮಿನ ಮುಂದೆ ನಿಂತು ಕೂಗಿ ಕೂಗಿ ಚರ್ಚೆ ಮಾಡಿದೆವು. ಅಲ್ಲೇ ಮಗ್ಗದಿಂದ ಇಳಿಯುತ್ತಿದ್ದ ಬಟ್ಟೆಯ ಮೇಲೆ ಕೈ ಇಟ್ಟೆ. ಕೋರಾ ಬಟ್ಟೆ. ತೊಳೆದಿಲ್ಲ, ಬಣ್ಣ ಹಾಕಿಲ್ಲ, ಜೋಳದ ಹಿಟ್ಟಿನ ಹಾಗೆ ಕಾಣುತ್ತದೆ.

"ಇದು ಯಾರದೂ ಅಲ್ಲಲ್ಲ?" ಎಂದೆ.

"ಇದು ಎಲ್ಲಾರದೂ ತಂಗಿ. ಎಲ್ಲಾ ಬಣ್ಣದವ್ರೂ ಇದನ್ನ ಒಯ್ದು ಬಣ್ಣ ಹಾಕ್ತಾರ," ಎಂದ ಅಣ್ಣ, ತನ್ನ ಮಾತಿಗೆ ತಾನೇ ಖುಷಿಪಟ್ಟ.

ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಾಗಲದ ಹತ್ತಿರ ಒಬ್ಬ ಹೆಂಗಸು, ಮದುವೆ ಬಟ್ಟೆಯೇ ಎಂದು ಕೇಳಿದಳು. ಪಕ್ಷದ್ದು ಎಂದೆ. "ಯಾವ ಪಕ್ಷದ್ದ?" ಎಂದಳು. ಗಡಹಿಂಗ್ಲಜದ ಬಸ್ ಸ್ಟ್ಯಾಂಡು ಬರುವವರೆಗೂ ಹೇಳಿದೆ.

ಜನವರಿ ೨೭

ಚಿಹ್ನೆ ಸಿಕ್ಕಿತು: ಚಪಾತಿ ಮಣೆ ಮತ್ತು ಲಟ್ಟಣಿಗೆ. ನಾವು ಅರ್ಜಿ ಹಾಕಿದ ಐದು ವಾರ್ಡುಗಳಿಗೂ ಒಂದೇ. ನಮ್ಮ ವಾರ್ಡಿಗೆ ನಾನು, ನಾಲ್ಕಕ್ಕೆ ಕಾಡಸಿದ್ದ, ಆರಕ್ಕೆ ಹೌಸಾಬಾಯಿ ನಿಂತಿದ್ದೇವೆ. ಕಾಡಸಿದ್ದನ ಮುಖ ಸಣ್ಣಗಾಗಿದೆ. "ಮಂದಿ ನಗತಾರ್ರಿ," ಎನ್ನುತ್ತಾನೆ. ಅತ್ತೆ ಮಾತ್ರ ಅಡುಗೆಮನೆಯಿಂದ ನಿಜವಾದ ಲಟ್ಟಣಿಗೆ ತಂದು ಅವನ ಕೈಗೆ ಕೊಟ್ಟು, "ಮನಿಮನಿಗೂ ಐತಿ. ಪೋಸ್ಟರ್ ಹಚ್ಚೂ ಗರಜ ಇಲ್ಲ," ಎಂದರು.

ಇವತ್ತು ಚಹಾ ಇವರು ಮಾಡಿದರು. ಸಕ್ಕರೆ ಹೆಚ್ಚಾಗಿತ್ತು.

ಜನವರಿ ೨೯

ಇವತ್ತು ಹೆಸರು ಹಿಂದಕ್ಕೆ ತೆಗೆದುಕೊಳ್ಳುವ ಕೊನೆಯ ದಿನ, ಮೂರು ಗಂಟೆಯವರೆಗೆ.

ಬೆಳಗ್ಗೆ ಒಂಬತ್ತಕ್ಕೆ ಹಳೆಯ ಪಕ್ಷದ ತಾಲೂಕಿನ ಸಾಹೇಬರ ಗಾಡಿ ಬಂದು ಇವರನ್ನು ಕರೆದುಕೊಂಡು ಹೋಯಿತು. ಹನ್ನೆರಡಕ್ಕೆ ವಾಪಸು ಬಿಟ್ಟಿತು. ಇವರ ಕೈಯಲ್ಲಿ ಒಂದು ಫಾರ್ಮು. ಊಟಕ್ಕೆ ಕೂತರು, ಫಾರ್ಮನ್ನು ತಾಟಿನ ಪಕ್ಕದಲ್ಲಿಟ್ಟುಕೊಂಡು.

"ಸಾಹೇಬ್ರು ಭಾಳ ಪ್ರೀತೀಲೆ ಮಾತಾಡಿದ್ರು," ಎಂದರು. "ತಪ್ಪಾತು ಅಭಯಕುಮಾರ ಅಂದ್ರು. ತಾಲೂಕಾ ಕಮಿಟಿ ಮ್ಯಾಲ ತೊಗೋತೇವಿ ಅಂದ್ರು. ಹೆಗಲ ಮ್ಯಾಲ ಕೈ ಹಾಕಿದ್ರು."

ಇಪ್ಪತ್ತೆರಡು ವರ್ಷ ಆ ಕೈಗಾಗಿ ಕಾದವರು ಇವರು. ಅದು ನನಗೆ ಗೊತ್ತು. ಅದಕ್ಕೇ ಸಿಟ್ಟು ಬರಲಿಲ್ಲ.

"ಈ ಫಾರ್ಮಿಗೆ ಯಾರ ಸಹಿ ಬೇಕ್ರಿ?" ಎಂದೆ.

"ನಿಂದು."

"ಹಂಗಾರ ನನ್ನ ಕೇಳ್ರಿ."

ತುತ್ತು ಕೈಯಲ್ಲೇ ನಿಂತಿತು. ಟಿಕೆಟ್ ಕೇಳುವಾಗ ಇವರು ನನ್ನನ್ನು ಕೇಳಿರಲಿಲ್ಲ, ಅರ್ಜಿ ಹಾಕುವಾಗಲೂ ಇಲ್ಲಿ ಸಹಿ ಮಾಡು ಎಂದಿದ್ದರಷ್ಟೆ. ನನ್ನನ್ನು ನೋಡಿದರು, ಫಾರ್ಮು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ನೀ ಏನಂತಿ ನೂತನ?"

"ಆ ಐದ ಮಾತ ನಾ ಬರದೇನಿ. ಮನಿಮನಿಗೂ ಓದಿ ಹೇಳಿ ಬಂದೇನಿ. ಈಗ ಹಿಂದ ಸರದ್ರ ಆ ಹೆಣ್ಮಕ್ಕಳ ಎದುರು ಹೆಂಗ ಹಾಯ್ಲಿ? ನಾ ಸಹಿ ಮಾಡೂದಿಲ್ರಿ. ನೀವು ಬೇಕಾದ್ರ ಕಮಿಟಿಗೆ ಹೋಗ್ರಿ. ನಾ ಏನೂ ಅನ್ನೂದಿಲ್ಲ, ಖರೇನ."

ಇವರು ಊಟ ಮುಗಿಸಿದರು. ಕೈ ತೊಳೆದು ಬಂದು ಗಡಿಯಾರದ ಕೆಳಗೆ ಕೂತರು. ಅತ್ತೆಯೂ ಬಂದು ಕೂತರು, ನಾನೂ ಕೂತೆ. ಸಾಹೇಬರ ಕಡೆಯಿಂದ ಎರಡು ಸಲ ಫೋನ್ ಬಂತು, ಎರಡು ಸಲವೂ ಇವರು ಎತ್ತಲಿಲ್ಲ. ಎರಡೂವರೆ. ಎರಡೂ ಮುಕ್ಕಾಲು. ಮೂರಾಯಿತು. ಇವರು ಉಸಿರು ಬಿಟ್ಟು ಫಾರ್ಮನ್ನು ಮಡಚಿದರು, ಇನ್ನೊಮ್ಮೆ ಮಡಚಿದರು, ಕುಂಟುತ್ತಿದ್ದ ಮೇಜಿನ ಕಾಲಿನ ಕೆಳಗೆ ತುರುಕಿದರು. ಮೇಜು ನೆಟ್ಟಗಾಯಿತು.

"ಇಷ್ಟ ದಿನ ಕುಂಟತಿತ್ತು ನೋಡು," ಎಂದು ನಕ್ಕರು. ಜನವರಿ ಮೂರರ ಮೇಲೆ ಇವರು ಹೀಗೆ ನಕ್ಕದ್ದು ಇವತ್ತೇ. ರಾತ್ರಿ ಐದು ಭಕ್ಕರಿ ತಿಂದರು.

ಫೆಬ್ರುವರಿ ೧

ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ನಮ್ಮ ಅಂಗಡಿಯ ಕಟ್ಟೆಯ ಫೋಟೊ ಹಾಕಿದರು. ಕೆಳಗೆ 'ಮೊದಲು ನಿಮ್ಮದು' ಎಂದು ಬರೆದಿದ್ದರು. ಒಂದೇ ತಾಸಿನಲ್ಲಿ ಎಪ್ಪತ್ತು ಜನ ನಗುವ ಮುಖ ಹಾಕಿದ್ದರು.

ಇವರು ಏನೂ ಹೇಳದೆ ಎದ್ದು ಕಾಡಸಿದ್ದನ ಅಂಗಡಿಯಿಂದ ದೊಡ್ಡ ಸುತ್ತಿಗೆ ತಂದರು. ದಿನಾ ಸಂಜೆ ತಾವು ಕೂರುವ ಕಟ್ಟೆ ಅದು. ಮಾವನವರೂ ಅಲ್ಲೇ ಕೂತಿರುತ್ತಿದ್ದರು. ಮೊದಲ ಏಟು ಹಾಕುವ ಮೊದಲು ಕಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದನ್ನು ನಾನು ನೋಡಿದೆ, ಬೇರೆ ಯಾರೂ ನೋಡಲಿಲ್ಲ.

ಹತ್ತು ಏಟಿಗೆ ಬೆವರಿಳಿಯಿತು. ಬೀಜ ಕೊಳ್ಳಲು ಬಂದ ರೈತನೊಬ್ಬ ಸುತ್ತಿಗೆ ಇಸಿದುಕೊಂಡ. ಆಮೇಲೆ ಕಾಡಸಿದ್ದ. ಆಮೇಲೆ ಎದುರಿನ ಕಿರಾಣಿಯವನು, ಅವನ ಕಟ್ಟೆಯೂ ಎರಡು ಫೂಟು ಮುಂದಿದೆ! ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಕಟ್ಟೆ ಇರಲಿಲ್ಲ. ಹೌಸಾಬಾಯಿ ಕಸಬರಿಗೆ ತಂದು ಈ ತುದಿಯಿಂದ ಆ ತುದಿಗೆ ಗುಡಿಸಿದಳು. ಬೇಡವೆಂದರೂ ಕೇಳಲಿಲ್ಲ.

"ಮೂವತ್ತ ವರ್ಷ ಈ ಕಟ್ಟಿ ಸುತ್ತ ಹಾಯ್ದು ಕಸಾ ಹೊಡದೇನ್ರಿ ವೈನಿ. ಒಮ್ಮೆರೆ ನೆಟ್ಟಗ ಹೊಡೀತೇನಿ, ಬಿಡ್ರಿ."

ಸಂಜೆ ಇವರಿಗೆ ಕೂರಲು ಜಾಗವಿರಲಿಲ್ಲ. ಪೇಟೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದಾಡಿದರು, ಎಲ್ಲರನ್ನೂ ಮಾತಾಡಿಸುತ್ತ.

ಫೆಬ್ರುವರಿ ೪

ಸಂತೆಯ ಹತ್ತಿರ ಸಭೆ. ಕಾಡಸಿದ್ದನ ಗಂಟಲು ಕಟ್ಟಿತ್ತು, ಆದ್ದರಿಂದ ನಾನೇ ಮಾತಾಡಿದೆ. ಅರ್ಧ ಮರಾಠಿ, ಅರ್ಧ ಕನ್ನಡ. ಮೈಕು ಎರಡು ಸಲ ಕೂಗಿಕೊಂಡಿತು. ಸೀರೆಗೆ ಫಾಲ್ ಹಚ್ಚುವುದಿತ್ತು, ಎರಡು ಹಾಗೇ ಉಳಿದವು.

ಫೆಬ್ರುವರಿ ೮

ಮತದಾನ. ಅತ್ತೆ ಬೆರಳಿನ ಶಾಯಿಯನ್ನು ಎಲ್ಲರಿಗೂ ತೋರಿಸುತ್ತ ಮೂರು ಗಲ್ಲಿ ಸುತ್ತಿ ಬಂದರು.

ಫೆಬ್ರುವರಿ ೯

ಒಂಬತ್ತು ಮತಗಳಿಂದ ಸೋತೆ.

ಎಣಿಕೆ ಶುರುವಾದಾಗ ನನ್ನ ವಾರ್ಡು ಮೊದಲೇ ಬಂತು. ಒಂಬತ್ತು ಎಂದು ಕೂಗಿದಾಗ ಇವರು ನನ್ನ ಕೈ ಹಿಡಿದರು. ಇಷ್ಟು ಮಂದಿಯ ಎದುರಿಗೆ ಯಾವತ್ತೂ ಹಿಡಿದವರಲ್ಲ. ಅಳು ಬರುತ್ತದೇನೋ ಎಂದುಕೊಂಡೆ, ಆದರೆ ಅಷ್ಟರಲ್ಲಿ ನಾಲ್ಕನೇ ವಾರ್ಡು ಬಂತು. ಕಾಡಸಿದ್ದ ಇಪ್ಪತ್ತಾರು ಮತಗಳಿಂದ ಗೆದ್ದ. ಆಮೇಲೆ ಐದು, ಅದು ಗುರಣ್ಣನಿಗೆ ಹೋಯಿತು. ಆಮೇಲೆ ಆರು.

ಹೌಸಾಬಾಯಿ ನೂರಾ ನಲವತ್ತೆರಡು ಮತಗಳಿಂದ ಗೆದ್ದಳು!

ನಾನು ಹೇಗೆ ಕಿರುಚಿದೆನೋ ತಿಳಿಯದು. ಪೊಲೀಸಿನವಳು ತಿರುಗಿ ನೋಡಿದಳು, ಆಮೇಲೆ ಅವಳೂ ನಕ್ಕಳು. ಹೊರಗೆ ಬಂದರೆ ಕೋರಾ ಬಟ್ಟೆಯ ಬಾವುಟಗಳು. ಯಾರೋ ಎರಡು ಲಟ್ಟಣಿಗೆಗಳನ್ನು ತಾಳದಂತೆ ಬಡಿಯುತ್ತಿದ್ದರು. ಹೌಸಾಬಾಯಿಗೆ ಹಾರ ಹಾಕಲು ಹೋದರೆ ಅವಳು ಅದನ್ನು ತೆಗೆದು ನನ್ನ ಕೊರಳಿಗೆ ಹಾಕಿದಳು. ನಾನು ತೆಗೆದು ಅತ್ತೆಗೆ ಹಾಕಿದೆ. ಅತ್ತೆ ಮಾತ್ರ ತೆಗೆಯಲಿಲ್ಲ. ಮನೆಯವರೆಗೂ ಹಾಕಿಕೊಂಡೇ ಬಂದರು.

ಗುಲಾಲಿನಿಂದ ತಲೆಯೆಲ್ಲ ಕೆಂಪಾಗಿದೆ. ಎರಡು ಸಲ ನೀರು ಹಾಕಿಕೊಂಡರೂ ಹೋಗಿಲ್ಲ.

ಫೆಬ್ರುವರಿ ೧೨

ಹದಿನೇಳು ಸ್ಥಾನದಲ್ಲಿ ಹಳೆಯ ಪಕ್ಷಕ್ಕೆ ಎಂಟು, ಎದುರಿನವರಿಗೆ ಏಳು, ನಮಗೆ ಎರಡು. ಅಂದರೆ ಯಾರಿಗೇ ಆಗಲಿ, ಏನೇ ಮಾಡಬೇಕಾದರೂ ನಮ್ಮವರಿಬ್ಬರು ಬೇಕು.

ಬೆಳಗ್ಗೆ ಎದುರಿನವರು ಬಂದರು. ಹನ್ನೊಂದಕ್ಕೆ ಹಳೆಯ ಪಕ್ಷದವರು ಬಂದರು, ಸಾಹೇಬರು ಮತ್ತು ಅವರ ಹಿಂದೆ ಗುರಣ್ಣ. ಸಾಹೇಬರು ಇವರ ಹೆಗಲ ಮೇಲೆ ಕೈ ಹಾಕಿ, "ಹೇಳಪಾ ಅಭಯಕುಮಾರ, ಏನ್ ಬೇಕು?" ಎಂದರು.

"ನನ್ನ ಕೇಳಬ್ಯಾಡ್ರಿ ಸಾಹೇಬ್ರ," ಎಂದರು ಇವರು. "ನಮ್ಮ ಕಾರ್ಯದರ್ಶಿ ಅಲ್ಲಿ ಕುಂತಾರ."

ಸಾಹೇಬರು ನನ್ನ ಕಡೆ ತಿರುಗಿದರು. ಹೌಸಾಬಾಯಿ, ಕಾಡಸಿದ್ದ ಇಬ್ಬರೂ ನನ್ನ ಎಡಬಲಕ್ಕೆ ಕುರ್ಚಿಯಲ್ಲಿದ್ದರು. ನಾವು ಬೆಳಗ್ಗೆ ಎದುರಿನವರಿಗೆ ಹೇಳಿದ್ದನ್ನೇ ಹೇಳಿದೆ. ನಮಗೆ ಸಭಾಪತಿ ಸ್ಥಾನ ಬೇಡ. ಐದು ಮಾತುಗಳಿವೆ. ಅವನ್ನು ಸಭೆಗೆ ತಂದವರಿಗೆ ಆ ಐದಕ್ಕೆ ನಮ್ಮ 'ಹೂಂ', ಉಳಿದ ವಿಷಯಗಳಿಗೆ ಆಯಾ ಮಾತು ನೋಡಿ ಹೂಂ ಇಲ್ಲವೇ ಊಹೂಂ. ಒಪ್ಪಿಗೆಯಾದರೆ ಇಲ್ಲಿ ಎಲ್ಲರ ಎದುರಿಗೆ ತಮ್ಮ ಕೈಯಾರೆ ಬರೆದು ಸಹಿ ಮಾಡಬೇಕು.

"ಮೂರನೇದು ಸುದ್ದಾ?" ಎಂದರು ಗುರಣ್ಣ.

"ಮೂರನೇದೂ ಸುದ್ದಾ, ಅಣ್ಣಾ."

ಗುರಣ್ಣ ಚಾಳೀಸು ಹಾಕಿಕೊಂಡರು. ಮೂರನೆಯ ಮಾತನ್ನು ಉಳಿದವುಗಳಿಗಿಂತ ಸಣ್ಣ ಅಕ್ಷರದಲ್ಲಿ ಬರೆದರು, ಆದರೆ ಬರೆದರು. ಹೌಸಾಬಾಯಿ ಆ ಕಾಗದವನ್ನು ನನಗೆ ಕೊಟ್ಟು, "ಓದ್ರಿ ವೈನಿ, ಜೋರಲೆ," ಎಂದಳು. ಓದಿದೆ. ಬಾಗಿಲಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು.

ಫೆಬ್ರುವರಿ ೧೬

ಬೆಳಗ್ಗೆ ಹಾಲು ಹಾಕಿ ಬಂದ ಹನ್ನೊಂದು ಮಂದಿ ಹೆಂಗಸರು ಖಾಲಿ ಕ್ಯಾನು ಹಿಡಿದುಕೊಂಡೇ ನಮ್ಮ ಪಡಸಾಲೆಗೆ ಬಂದರು. ಹದಿನಾಲ್ಕನೇ ವಾರ್ಡಿನವರು, ಕಾಲುವೆಯ ಆಚೆ ಇರುವವರು. ಅಲ್ಲಿ ನಾವು ನಿಂತಿರಲೇ ಇಲ್ಲ. ಅವರ ಮುಂದಾಳು ರುಪಾಲಿ ಎಂಬ ಹುಡುಗಿ, ಮದುವೆಯಾಗಿ ಎರಡು ವರ್ಷ ಆಗಿರಬೇಕು. ಗಂಡ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ.

"ನಾವು ನಿಮ್ಮ ಪಾರ್ಟಿಗೆ ಸೇರಬೇಕಂತ ಬಂದೇವ್ರಿ ವೈನಿ," ಎಂದಳು. "ಆದ್ರ ನಿಮ್ಮ ಮೂರನೇ ಮಾತು ನಮಗ ಮಾನ್ಯ ಇಲ್ಲ."

ಈ ಹೆಂಗಸರಿಗೆ ಯಾರೂ ಟಿಕೆಟ್ ತಪ್ಪಿಸಿಲ್ಲ. ಯಾರ ಮೇಲೂ ಸಿಟ್ಟಿಲ್ಲ. ನಾವು ಬರೆದದ್ದನ್ನು ಓದಿ, ಸರಿ-ತಪ್ಪು ನೋಡಿ, ಕಾಲುವೆ ದಾಟಿ ನಡೆದು ಬಂದಿದ್ದಾರೆ.

"ಯಾಕ ಮಾನ್ಯ ಇಲ್ಲ? ಕುಂದರ್ರಿ, ಹೇಳ್ರಿ."

"ಸಕ್ಕರಿ ಕಾರಖಾನಿ ಟೈಮ್ ಕೊಡ್ತೈತ್ರಿ. ಆ ಟೈಮಿಗೆ ಮುಟ್ಟಲಿಲ್ಲಂದ್ರ ನಮ್ಮ ಗಂಡಸ್ರು ಇಡೀ ದಿನ ಅಲ್ಲೇ ಸಾಲಾಗ ನಿಲ್ಲಬೇಕು. ಬರಬ್ಯಾಡ ಅಂದ್ರ ಎಲ್ಲಿಂದ ಹೋಗಬೇಕು?"

"ಮಕ್ಕಳು ಗ್ವಾಡಿಗೆ ಹತ್ತಿ ನಿಲ್ತಾವವ್ವಾ."

"ನಮ್ಮ ಮಕ್ಕಳೂ ಅದ ಸಾಲಿಗೆ ಬರ್ತಾವ್ರಿ! ನಮಗ ಗೊತ್ತಿಲ್ಲೇನು? ಅದಕ್ಕ ಬರಬ್ಯಾಡ ಅನ್ನೂದಲ್ಲ. ಕಾಲುವಿ ದಂಡಿಗೆ ಹಳೇ ದಾರಿ ಐತಿ. ಅದನ್ನ ಖಡಿ ಹಾಕಿ ಗಟ್ಟಿ ಮಾಡ್ರಿ, ಟ್ರ್ಯಾಕ್ಟರ್ ಊರ ಹೊರಗಿಂದ ಹೋಗ್ತಾವ. ನೀವು ಬರೇ ಬ್ಯಾಡ ಅಂತ ಬರದೀರಿ. ಎಲ್ಲಿಂದ ಹೋಗಬೇಕು ಅಂತ ಬರದಿಲ್ಲ."

ಅತ್ತೆ ಮೂಲೆಯಿಂದ, "ಈಕಿ ಮಾತ ಖರೇ ಐತಿ," ಎಂದರು. ಹೌಸಾಬಾಯಿ, ಆ ದಾರಿಯಲ್ಲಿ ಎರಡು ಮೋರಿ ಕುಸಿದಿವೆ, ಖರ್ಚಿದೆ ಎಂದಳು. ಒಬ್ಬಳು ಒಂದೇ ಮೋರಿ ಎಂದಳು. ಇನ್ನೊಬ್ಬಳು ಎದ್ದು ನಿಂತು ಕೈ ಮಾಡಿ ತೋರಿಸಿದಳು. ನಾನೂ ದನಿ ಏರಿಸಿದೆ. ಒಂದು ತಾಸು ಜೋರು ವಾದ ನಡೆಯಿತು. ಇವರು ಎರಡು ಸಲ ಚಹಾ ತಂದಿಟ್ಟು ಮೆಲ್ಲಗೆ ಹಿಂದೆ ಸರಿದರು.

ನಾನು ಕಾಗದವನ್ನು ಎಳೆದುಕೊಂಡೆ. "ಹಂಗಾರ ಹೆಂಗ ಬರೀಬೇಕು, ಹೇಳು."

ರುಪಾಲಿ ಹಾಲಿನ ಕ್ಯಾನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕೈ ಚಾಚಿದಳು.

"ಪೆನ್ನ ಕೊಡ್ರಿ ಇಲ್ಲೆ. ನಾ ಬರೀತೇನಿ."

ಕೊಟ್ಟೆ.